ಇಸ್ತ್ರಿ ಕೋಣೆಯ ಪ-ಮಾತು

ಬೆಳಗ್ಗೆ ಆರು ಗಂಟೆ ಐವತ್ತೆರಡು ನಿಮಿಷಕ್ಕೆ ಆಸ್ಪತ್ರೆಯ ಇಸ್ತ್ರಿ ಕೋಣೆಯಲ್ಲಿ ಫೋನು ಹೊಡೆದುಕೊಂಡಾಗ ಚಿಕ್ಕಮ್ಮ ಒದ್ದೆ ಹಾಸೊಂದರ ಎರಡು ಮೂಲೆ ಹಿಡಿದು ಅದನ್ನು ರೋಲರಿನ ಬಾಯಿಗೆ ಕೊಡುತ್ತಿದ್ದಳು. ರೋಲರ್ ಎಂದರೆ ಒಳಗೆ ಹಬೆ ಓಡುವ ಉದ್ದನೆಯ ಉರುಳೆಗಳ ಯಂತ್ರ. ಈ ಕಡೆಯಿಂದ ಒದ್ದೆ ಹಾಸು ಹೋದರೆ ಆ ಕಡೆಯಿಂದ ಒಣಗಿ, ಸುಕ್ಕೆಲ್ಲ ಬಿಟ್ಟು ಹೊರಗೆ ಬರುತ್ತದೆ. ಆ ಕಡೆ ನಿಂತು ಅದನ್ನು ಹಿಡಿದುಕೊಳ್ಳುವವಳನ್ನು ಎಲ್ಲರೂ ಕುಳ್ಳಿ ಎನ್ನುತ್ತಾರೆ. ಯಂತ್ರದ ಮೇಲಿಂದ ಅವಳ ಹಣೆ, ಕಣ್ಣು ಇಷ್ಟೇ ಕಾಣುತ್ತವೆ.

ಫೋನು ಇದ್ದದ್ದು ಮೇಲ್ವಿಚಾರಕಿಯ ಮೇಜಿನ ಮೇಲೆ. ಮೇಲ್ವಿಚಾರಕಿ ಹಿಂದಿನ ಸಂಜೆಯೇ ನಿವೃತ್ತರಾಗಿ, ಎಲ್ಲರ ಕೈ ಹಿಡಿದು ಅತ್ತು, ಮಗಳ ಊರಿಗೆ ಹೊರಟುಹೋಗಿದ್ದರು. ಕುರ್ಚಿ ಖಾಲಿ ಇತ್ತು.

"ಅಕ್ಕಾ, ನೀನೇ ತಗೋ," ಎಂದವು ಯಂತ್ರದ ಆಚೆಯ ಕಣ್ಣುಗಳು.

ಚಿಕ್ಕಮ್ಮ ಹಾಸಿನ ಮೂಲೆಗಳನ್ನು ಎತ್ತಿ ತೋರಿಸಿದಳು. ಕೈ ಬಿಡುವಿಲ್ಲ ಎಂದು ಅರ್ಥ.

"ಅದನ್ನ ಯಂತ್ರ ಹಿಡ್ಕೊಂಡಾಯ್ತು, ಇನ್ನು ನೀನು ಹಿಡ್ಕೊಳ್ಳೋಕೆ ಏನಿದೆ?"

ಅಷ್ಟರಲ್ಲಿ ಫೋನು ತಾನಾಗಿಯೇ ಸುಮ್ಮನಾಯಿತು. ಚಿಕ್ಕಮ್ಮ ಮುಂದಿನ ಹಾಸು ಎತ್ತಿಕೊಂಡಳು.

ಅವಳಿಗೆ ಆ ಕುರ್ಚಿ ಬೇಕಾಗಿತ್ತು. ಇದನ್ನು ಅವಳು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಯಾವ ವಾರ್ಡಿನ ಬಟ್ಟೆ ಮೊದಲು ಒಗೆಯಬೇಕು, ಯಾವ ಕಲೆಗೆ ತಣ್ಣೀರು, ಯಾವುದಕ್ಕೆ ಬಿಸಿನೀರು, ತಳ್ಳುಗಾಡಿಯಲ್ಲಿ ಮೇಲೆ ಏನಿರಬೇಕು, ಕೆಳಗೆ ಏನಿರಬೇಕು, ಎಲ್ಲವೂ ಅವಳ ಕೈಯಲ್ಲೇ ಇತ್ತು. ಇಲ್ಲದೇ ಇದ್ದದ್ದು ಫೋನಿನ ಧೈರ್ಯ ಒಂದೇ. ಬೆಳಗ್ಗೆ ಏಳರ ಸುಮಾರಿಗೆ ಒಂದೊಂದೇ ವಾರ್ಡಿನಿಂದ ಕರೆ ಬರುತ್ತದೆ. ಅವರು ಬೇಕಾದ ಬಟ್ಟೆ ಹೇಳುತ್ತಾರೆ. ಕೇಳಿದವರು ಅದನ್ನು ಅಕ್ಷರ ಬಿಡದೆ ಮರಳಿ ಹೇಳಬೇಕು. ಅದು ಆಸ್ಪತ್ರೆಯ ನಿಯಮ, ಒಳ್ಳೆಯ ನಿಯಮವೇ.

ಚಿಕ್ಕಮ್ಮನಿಗೆ ಮಾತು ತಡವರಿಸುತ್ತಿತ್ತು. ಎಲ್ಲ ಮಾತೂ ಅಲ್ಲ. ಪದದ ಮೊದಲಿಗೆ ಕ, ಟ, ಬ ಬಂದರೆ ಬಾಗಿಲು ಹಾಕಿಕೊಂಡುಬಿಡುತ್ತಿತ್ತು. ಎದುರಿಗಿದ್ದವರು ಒಳ್ಳೆಯ ಮನಸ್ಸಿನಿಂದಲೇ ಅವಳ ಪದವನ್ನು ತಾವೇ ಮುಗಿಸಿಕೊಡುತ್ತಿದ್ದರು. ಒಮ್ಮೆ ಅಂಗಡಿಯಲ್ಲಿ ಕನ್ನಡಿ ಕೇಳಲು ಹೋಗಿ "ಕ... ಕ..." ಎಂದಳು. ಅಂಗಡಿಯವನು "ಕತ್ತರೀನಾ?" ಎಂದು ಕೈಗಿಟ್ಟ. ಅಲ್ಲ ಎಂದು ವಿವರಿಸುವುದಕ್ಕಿಂತ ಕತ್ತರಿ ತರುವುದೇ ಸುಲಭವಾಗಿತ್ತು. ಅವರ ಮನೆಯಲ್ಲಿ ಕತ್ತರಿಗಳಿಗೆ ಬರವಿಲ್ಲ.

ಆದರೆ ಒಂದು ಬಗೆಯ ಮಾತಿನಲ್ಲಿ ಅವಳ ನಾಲಿಗೆ ಎಲ್ಲೂ ಎಡವುತ್ತಿರಲಿಲ್ಲ. ಅದು ಪ-ಮಾತು. ಚಿಕ್ಕವಳಿದ್ದಾಗ ಅವಳೂ ಅವಳ ಅಕ್ಕನೂ, ಅಂದರೆ ನಮ್ಮಮ್ಮ, ದೊಡ್ಡವರಿಗೆ ತಿಳಿಯಬಾರದೆಂದು ಅದನ್ನು ಆಡುತ್ತಿದ್ದರು. ಮಾತಿನ ಪ್ರತಿ ತುಣುಕಿನ ಬೆನ್ನಿಗೂ ಒಂದು 'ಪ' ಅಂಟಿಸಬೇಕು, ಅದರ ಸ್ವರ ಆ ತುಣುಕಿನದೇ ಆಗಿರಬೇಕು. 'ಬಾ' ಎನ್ನಲು 'ಬಾಪಾ'. 'ನೀರು' ಎನ್ನಲು 'ನೀಪೀರುಪು'. ಅಷ್ಟೇ. ಬೇಕಿದ್ದಾಗ ನಿಲ್ಲಿಸಲಾಗದಷ್ಟು ಸುಲಭ.

ರೋಲರಿನ ಸದ್ದಿನಲ್ಲಿ ಮಾಮೂಲಿ ಮಾತು ಮುಳುಗಿಹೋಗುತ್ತದೆ. ಪ-ಮಾತು ಮಾತ್ರ ಎರಡೆರಡು ಸಲ ಬಡಿಯುವುದರಿಂದ ಆಚೆ ದಡ ಸೇರುತ್ತದೆ. ಚಿಕ್ಕಮ್ಮ ಅದನ್ನು ಒಂದು ಚಹಾ ಬಿಡುವಿನಲ್ಲಿ ರೋಲರಿನ ಸುತ್ತ ಕೆಲಸ ಮಾಡುವವರಿಗೆ ಹೇಳಿಕೊಟ್ಟಳು. ಚಹಾ ಮುಗಿಯುವ ಮೊದಲೇ ಅವರು ಮೇಲ್ವಿಚಾರಕಿಯ ಗೊರಕೆಯ ಬಗ್ಗೆ ಪ-ಮಾತಿನಲ್ಲಿ ಮಾತಾಡಿಕೊಂಡು ನಗುತ್ತಿದ್ದರು. ವಿಶೇಷವೇನೆಂದರೆ, ಒತ್ತಕ್ಷರ ಬಂದಾಗ ಏನು ಮಾಡಬೇಕೆಂದು ಚಿಕ್ಕಮ್ಮ ಹೇಳಿಯೇ ಇರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ. ಆದರೂ 'ಅಕ್ಕ' ಎನ್ನಬೇಕಾದಾಗ ಎಲ್ಲರೂ 'ಅಪಕ್ಕಪ' ಎಂದರು. 'ಅಕ್‌ಪಕಪ' ಎಂದವರು ಒಬ್ಬರೂ ಇಲ್ಲ.

ಇದಕ್ಕೆ ಕಾರಣವಿದೆ. ಮಾತನ್ನು ತುಣುಕು ಮಾಡುವ ಕೆಲಸವನ್ನು ನಮಗೆ ಯಾರೂ ಕಲಿಸುವುದಿಲ್ಲ, ಕಿವಿ ತಾನೇ ಮಾಡಿಕೊಂಡಿರುತ್ತದೆ. ಯಾವ ಭಾಷೆಯ ಮನೆಯಲ್ಲಿ ಹುಟ್ಟಿದ ಮಗುವಾದರೂ ಮೊದಮೊದಲು ಆಡುವುದು ತುಟಿ ಮುಚ್ಚಿ ತೆರೆದರೆ ಸಿಗುವ ಸದ್ದುಗಳನ್ನೇ: ಪಾಪಾ, ಬಾಬಾ, ಮಾಮಾ. ಒಂದು ವ್ಯಂಜನ, ಅದರ ಬೆನ್ನಿಗೊಂದು ಸ್ವರ. ಈ ಜೋಡಿಯಿಲ್ಲದ ಭಾಷೆ ಸಿಗುವುದು ಬಲು ಕಷ್ಟ. ಹೀಗೆ ಅಕ್ಷರ ಸೇರಿಸಿ ಆಡುವ ಗುಟ್ಟಿನ ಮಾತುಗಳೂ ಒಂದನ್ನೊಂದು ಕೇಳಿಯೇ ಇರದ ಊರುಗಳಲ್ಲಿ ಒಂದೇ ಅಚ್ಚಿನಲ್ಲಿ ಹುಟ್ಟಿಕೊಂಡಿವೆ. ತಾಳಕ್ಕೆ ಬಿದ್ದ ಮಾತಿನಲ್ಲಿ ತಡವರಿಕೆ ಕಡಿಮೆಯಾಗುವುದೂ ಹೊಸ ವಿಷಯವಲ್ಲ, ಚಿಕಿತ್ಸೆ ಕೊಡುವವರು ಅದನ್ನು ಬಳಸುತ್ತಾರೆ. ಚಿಕ್ಕಮ್ಮನಿಗೆ ಇದಾವುದೂ ಬೇಕಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಇಷ್ಟು: ಪ-ಮಾತಿನಲ್ಲಿ ತಾನು ಬೈಯಬಲ್ಲೆ.

"ಬೈಯೋದೇನೋ ಬೈತೀಯ," ಎನ್ನುತ್ತಿದ್ದರು ಚಿಕ್ಕಪ್ಪ. ಅವರದು ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಸಣ್ಣ ಅಂಗಡಿ. "ಆದ್ರೆ ಎರಡರಷ್ಟು ಹೊತ್ತು ಹಿಡಿಯತ್ತೆ. ನೀನು ಮುಗಿಸೋ ಅಷ್ಟರಲ್ಲಿ ನಿನ್ನ ಸಿಟ್ಟೂ ಇಳಿದಿರತ್ತೆ, ನನ್ನ ಊಟಾನೂ ಮುಗಿದಿರತ್ತೆ."

ಚಿಕ್ಕಪ್ಪ ಇದಕ್ಕಿಂತ ಜಾಣತನದ ಮಾತೊಂದನ್ನು ಕಟ್ಟಲು ಹೋಗಿದ್ದರು. ಅವರ ಮಾತಿನಲ್ಲಿ ಪ ಬರುವುದು ಪ್ರತಿ ಮೂರನೆಯ ತುಣುಕಿಗೆ ಮಾತ್ರ. ಕಾಗದದ ಮೇಲೆ ಅದು ಚೆನ್ನಾಗಿತ್ತು. ಬಾಯಿಗೆ ಬಂದಾಗ ಅವರೇ ಬೆರಳು ಮಡಿಸಿ ಎಣಿಸತೊಡಗಿದರು, 'ಉಪ್ಪು ಕೊಡು' ಎನ್ನುವಷ್ಟರಲ್ಲಿ ಉಪ್ಪು ಬಂದು ಕೂತಿತ್ತು. ಆಮೇಲೆ ಸ್ವರಗಳನ್ನೆಲ್ಲ ತೆಗೆದುಹಾಕುವ ಇನ್ನೊಂದು ಉಪಾಯ ಮಾಡಿದರು. 'ಚಪ್ಪಲಿ' ಎನ್ನಲು ಹೋಗಿ ಉಗುಳು ಹಾರಿಸಿದ ಮೇಲೆ ಅದನ್ನೂ ಕೈಬಿಟ್ಟರು.

ಆಡಳಿತದ ಮೇಡಂ ಆ ದಿನ ಮಧ್ಯಾಹ್ನ ಇಸ್ತ್ರಿ ಕೋಣೆಗೆ ಬಂದರು. ಮಾತು ಕಡಿಮೆ, ನೋಟ ಜಾಸ್ತಿ ಇರುವ ಹೆಂಗಸು.

"ಕೆಲಸ ನಿಮಗೆ ಗೊತ್ತಿದೆ. ಅದರಲ್ಲಿ ನನಗೆ ಅನುಮಾನ ಇಲ್ಲ," ಎಂದರು ಚಿಕ್ಕಮ್ಮನಿಗೆ. "ಫೋನು ನಿಮ್ಮ ಕೈಲಿ ಆಗತ್ತಾ?"

ಚಿಕ್ಕಮ್ಮ ಆಗುತ್ತದೆ ಎಂದು ತಲೆಯಾಡಿಸಿದಳು.

"ಎರಡು ವಾರ ನೋಡೋಣ. ಆಗಲಿಲ್ಲ ಅಂದ್ರೆ ಸ್ಟೋರಿನವರೇ ಇದನ್ನೂ ನೋಡ್ಕೋತಾರೆ."

ಸ್ಟೋರಿನವರು ಎಂದರೆ ಪಕ್ಕದ ಬಟ್ಟೆ ದಾಸ್ತಾನಿನ ಹಿರಿಯ. ಎಲ್ಲರಿಗೂ ಸ್ಟೋರಿನಣ್ಣ. ಕೆಟ್ಟವನಲ್ಲ. ಆದರೆ ರೋಲರಿನ ಹೆಂಗಸರನ್ನು ವಾರಕ್ಕೊಂದು ಕಡೆ ಬದಲಾಯಿಸಿದರೆ ಹರಟೆ ಕಡಿಮೆಯಾಗುತ್ತದೆ ಎಂಬುದು ಅವನ ಬಹುಕಾಲದ ಆಸೆ. ಹಾಗಾಗಿ ಆ ಕುರ್ಚಿಯ ಮೇಲೆ ಚಿಕ್ಕಮ್ಮನ ಕಣ್ಣು ಒಂದೇ ಇರಲಿಲ್ಲ. ಕುಳ್ಳಿಯ ಜಾಗವೂ ಅದಕ್ಕೆ ಅಂಟಿಕೊಂಡಿತ್ತು.

ಮರುದಿನ ಬೆಳಗ್ಗೆ ಮೊದಲ ಕರೆ ಮಕ್ಕಳ ವಾರ್ಡಿನದು. ಚಿಕ್ಕಮ್ಮ ಮೇಜಿನ ಪಕ್ಕ ನಿಂತೇ ರಿಸೀವರ್ ಎತ್ತಿದಳು. ರೋಲರನ್ನು ಕುಳ್ಳಿ ನಿಲ್ಲಿಸಿದಳು. ಕೋಣೆಯಲ್ಲಿ ಅಷ್ಟು ನಿಶ್ಶಬ್ದ ಎಂದೂ ಆಗಿರಲಿಲ್ಲ. ಬಾಗಿಲಲ್ಲಿ ಸ್ಟೋರಿನಣ್ಣ ಏನೋ ಕೆಲಸವಿರುವವನಂತೆ ನಿಂತಿದ್ದ.

"ಹಲೋ, ಇಸ್ತ್ರಿಯಾ? ಕಂಬಳಿ ನಲವತ್ತು, ದಿಂಬಿನ ಚೀಲ ಹತ್ತು," ಎಂದಳು ಆ ಕಡೆಯ ಸಿಸ್ಟರ್.

ಮರಳಿ ಹೇಳಬೇಕಾದ ಮೊದಲ ಅಕ್ಷರವೇ ಕ. ಚಿಕ್ಕಮ್ಮ "ಕ..." ಎಂದಳು. ಇನ್ನೊಮ್ಮೆ "ಕ..." ಸ್ಟೋರಿನಣ್ಣ ಒಂದು ಹೆಜ್ಜೆ ಒಳಗಿಟ್ಟ. ಅವನು ಒಳ್ಳೆಯ ಮನಸ್ಸಿನಿಂದಲೇ ಪದ ಮುಗಿಸಿಕೊಡಲು ಬರುತ್ತಿದ್ದಾನೆಂದು ಚಿಕ್ಕಮ್ಮನಿಗೆ ಗೊತ್ತಾಯಿತು. ಅವನ ಮುಖ ನೋಡುತ್ತ ನೋಡುತ್ತ ಅವಳ ಬಾಯಿಂದ ಒಂದೇ ಉಸಿರಿಗೆ ಹೊರಬಿತ್ತು:

"ಕಪಂಬಪಳಿಪಿ ನಪಲಪವಪತ್ತುಪು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆಸ್ಪತ್ರೆಯ ಫೋನಿನಲ್ಲಿ, ಮೊದಲ ದಿನ, ಮೊದಲ ಕರೆಗೆ. ಕುಳ್ಳಿ ಯಂತ್ರದ ಹಿಂದೆ ಹಣೆಯನ್ನೂ ಕಾಣಿಸದಂತೆ ಕುಗ್ಗಿದಳು.

ಆಮೇಲೆ ರಿಸೀವರಿನಿಂದ ಮೆಲ್ಲಗೆ ಬಂತು: "ದಿಪಿಂಬಿಪಿನಪ ಚೀಪೀಲಪ ಹಪತ್ತುಪು."

ಚಿಕ್ಕಮ್ಮ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ನಮ್ಮನೇಲಿ 'ಗ' ಹಾಕ್ತಿದ್ವಿ ಅಕ್ಕಾ," ಎಂದಳು ಸಿಸ್ಟರ್. "ನಾನೂ ನನ್ನ ಅಣ್ಣನೂ. ಎಷ್ಟೋ ವರ್ಷ ಆಗಿತ್ತು. ನೀವು ಪ ಹಾಕ್ತೀರಾ? ಪ ಇನ್ನೂ ಚೆನ್ನಾಗಿದೆ, ಗಂಟಲಿಗೆ ಕೆಲಸ ಇಲ್ಲ."

ಅಲ್ಲಿಂದ ಮುಂದೆ ನಡೆದದ್ದಕ್ಕೆ ಚಿಕ್ಕಮ್ಮನನ್ನು ಹೊಣೆ ಮಾಡುವುದು ಸರಿಯಲ್ಲ. ಸಿಸ್ಟರ್ ಫೋನಿನಲ್ಲಿ ಆಡುವುದನ್ನು ಮಂಚದ ಮೇಲಿದ್ದ ಮಕ್ಕಳು ಕೇಳಿಸಿಕೊಂಡರು. ಮಾರನೆಯ ದಿನ ಸೂಜಿ ಹಿಡಿದು ಬಂದ ನರ್ಸಿಗೆ ಒಂದು ಹುಡುಗಿ "ಬೇಪೇಡಪ, ಬೇಪೇಡಪ" ಎಂದು ಅತ್ತಳು. ನರ್ಸಿಗೆ ನಗು ಬಂದು ಅಳುತ್ತಿದ್ದವಳೂ ನಕ್ಕು, ಸೂಜಿ ಚುಚ್ಚಿದ್ದು ಇಬ್ಬರಿಗೂ ತಿಳಿಯಲಿಲ್ಲವಂತೆ. ಮಕ್ಕಳನ್ನು ನೋಡಲು ಬಂದವರು ಅದನ್ನು ಹೆರಿಗೆ ವಾರ್ಡಿಗೆ ಒಯ್ದರು. ಅಡುಗೆಮನೆಗೆ ಅದು ಊಟದ ಗಾಡಿಯ ಜೊತೆ ಇಳಿಯಿತು. ವಾರ ಮುಗಿಯುವಷ್ಟರಲ್ಲಿ ಗೇಟಿನ ಕಾವಲುಗಾರ ಡಾಕ್ಟರ ಕಾರಿನ ಚಾಲಕನಿಗೆ "ಹಿಪಿಂದೆಪೆ, ಹಿಪಿಂದೆಪೆ" ಎಂದು ದಾರಿ ತೋರಿಸುತ್ತಿದ್ದ.

ಕಷ್ಟವಾದದ್ದು ಸ್ಟೋರಿನಣ್ಣನೊಬ್ಬನಿಗೆ. ಅವನು ಏನನ್ನೇ ಆಗಲಿ ಬರೆದುಕೊಂಡು ಕಲಿಯುವವನು. ಒಂದು ಚೀಟಿಯಲ್ಲಿ ಅಕ್ಷರ ಬಿಡಿಸಿ ಬರೆದು, ಬಾಯಿಪಾಠ ಮಾಡಿ, ಗಂಭೀರವಾಗಿ ಒಳಗೆ ಬಂದು ಘೋಷಿಸಿದ: "ಅಂಪಗಿಪಿ ಬಂಪದಿಪಿಲ್ಲಪ."

ಅಂಗಿ ಬಂದಿಲ್ಲ ಎಂಬುದು ಅವನ ದೂರು. ರೋಲರಿನ ಸುತ್ತ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನು ತಪ್ಪಾಯ್ತು? ಹೇಳ್ರಮ್ಮ, ಎಲ್ಲಿ ತಪ್ಪಾಯ್ತು?"

"ಅಪಂಗಿಪಿ ಅನ್ಬೇಕಣ್ಣ," ಎಂದಳು ಕುಳ್ಳಿ.

"ಯಾಕೆ? 'ಅಂ' ಒಂದು ಅಕ್ಷರ. ಅದು ಆದ್ಮೇಲೆ ಪ. ನೀವೇ ಹೇಳಿದ ಲೆಕ್ಕ."

"ಯಾಕೆ ಅಂದ್ರೆ ಅದು ಹಂಗಲ್ಲ. ಅಷ್ಟೆ."

"ಇದೇನಮ್ಮ ಉತ್ತರ?"

"ಉತ್ತರ ನನಗೂ ಗೊತ್ತಿಲ್ಲಣ್ಣ. ನೀನು ಹೇಳಿದ್ದು ಕೇಳಿದ್ರೆ ಅಂಗಿಗೆ ಗುಂಡಿ ಮೇಲೆಕೆಳಗೆ ಹಾಕ್ಕೊಂಡ ಹಾಗಿದೆ."

ಅವನದೂ ಪೂರ್ತಿ ತಪ್ಪಲ್ಲ. ಬರಹದಲ್ಲಿ ಆ ಸೊನ್ನೆ 'ಅ' ಪಕ್ಕದಲ್ಲೇ ಕೂತಿರುತ್ತದೆ. ಬಾಯಲ್ಲಿ ಅದು 'ಗ'ಗೆ ಒರಗಿ ಕೂತಿರುತ್ತದೆ. 'ಗ' ಎಲ್ಲಿ ಹುಟ್ಟುತ್ತದೋ ಅಲ್ಲೇ ಅದೂ ಹುಟ್ಟಬೇಕು. ಅವರಿಬ್ಬರ ನಡುವೆ ತುಟಿಯ 'ಪ' ನುಗ್ಗಿದರೆ ಸೊನ್ನೆಗೆ ಮನೆಯಿಲ್ಲ. ಕಣ್ಣು ಒಂದು ಲೆಕ್ಕ ಹಿಡಿದಿತ್ತು, ಕಿವಿ ಇನ್ನೊಂದು. ಮೂರನೆಯ ದಿನ ಸ್ಟೋರಿನಣ್ಣ ಚೀಟಿಯನ್ನು ಜೇಬಿಗೆ ಹಾಕಿ, ಬರಿಯ ಕಿವಿಯಿಂದ ಕೇಳಿ, ಸರಿಯಾಗಿ "ಅಪಂಗಿಪಿ" ಎಂದ. ಆಮೇಲೆ ಅವನ ಬಾಯಿ ಮುಚ್ಚಿಸುವುದೇ ಕಷ್ಟವಾಯಿತು.

ಎಡವಟ್ಟಾದದ್ದೂ ಅದರಿಂದಲೇ. ಒಂದು ದಿನ ಚಿಕ್ಕಮ್ಮ ತಳ್ಳುಗಾಡಿ ತರಲು ಹೋಗಿದ್ದಾಗ ಅವನು ಹುರುಪಿನಲ್ಲಿ ಫೋನು ಎತ್ತಿದ. ಶಸ್ತ್ರಚಿಕಿತ್ಸೆಯ ವಾರ್ಡಿನವರು ಟವೆಲು ಕೇಳಿದರು, "ಇಪಿಪ್ಪಪತ್ತುಪು". ಪ-ಮಾತಿಗೆ ಎಲ್ಲಾದರೂ ಸೋಲು ಇದ್ದರೆ ಅದು ಮೊದಲೇ ಪ ತುಂಬಿಕೊಂಡಿರುವ ಪದಗಳಲ್ಲಿ. ಅವನ ಕಿವಿಗೆ ಅದು "ಎಪೆಪ್ಪಪತ್ತುಪು" ಎಂದು ಬಿತ್ತು. ಅವನು ಮರಳಿ ಹೇಳಿದ್ದು ಆ ಕಡೆಯವರಿಗೆ ಇಪ್ಪತ್ತೆಂದೇ ಕೇಳಿಸಿತು. ಇಪ್ಪತ್ತು ಕೇಳಿದವರಿಗೆ ಎಪ್ಪತ್ತು ಟವೆಲು ಹೋಯಿತು. ಹೆರಿಗೆ ವಾರ್ಡಿಗೆ ಆ ಬೆಳಗ್ಗೆ ಒಂದೂ ಉಳಿಯಲಿಲ್ಲ.

ಮೇಡಂ ಬಂದರು. ದನಿ ಏರಿಸಲಿಲ್ಲ.

"ಆಟ ಆಡೋದು ನಿಮ್ಮಿಷ್ಟ. ಫೋನಲ್ಲಿ ಬೇಡ. ಇವತ್ತು ಟವೆಲು. ನಾಳೆ ಇನ್ನೇನೋ ಆದ್ರೆ?"

"ಫೋನು ತಗೊಂಡಿದ್ದು ನಾನು ಮೇಡಂ," ಎಂದ ಸ್ಟೋರಿನಣ್ಣ, ನೆಲ ನೋಡುತ್ತ.

"ಮಾತು ನನ್ನದು," ಎಂದಳು ಚಿಕ್ಕಮ್ಮ. ಅದರಲ್ಲಿ ಕ, ಟ, ಬ ಯಾವುದೂ ಇರಲಿಲ್ಲವಾದ್ದರಿಂದ ಸಲೀಸಾಗಿ ಬಂತು.

ಮೇಡಂ ಇಬ್ಬರನ್ನೂ ನೋಡಿದರು. "ಸೋಮವಾರ ಬೆಳಗ್ಗೆ ನಾನೇ ಬಂದು ಇಲ್ಲಿ ನಿಲ್ತೀನಿ. ಎಲ್ಲ ಕರೆಗೂ ಮಾಮೂಲಿ ಮಾತಲ್ಲಿ ಉತ್ತರ ಕೊಟ್ರೆ ಕುರ್ಚಿ ನಿಮ್ಮದು. ಇಲ್ಲಾಂದ್ರೆ ನಾನು ಏನೂ ಮಾಡೋಕಾಗಲ್ಲ."

ಭಾನುವಾರ ಮಧ್ಯಾಹ್ನ ಮನೆಯಲ್ಲಿ ಚಿಕ್ಕಪ್ಪ ಬಿಚ್ಚಿಟ್ಟ ಫ್ಯಾನಿನ ಪಕ್ಕ ಕೂತು ವಾರ್ಡು ವಾರ್ಡಾಗಿ ಫೋನು ಮಾಡಿದರು. ಕೈಯಲ್ಲಿ ಫ್ಯಾನಿನ ರೆಕ್ಕೆಯೇ ರಿಸೀವರು.

"ಹಲೋ, ಹೆರಿಗೆ ವಾರ್ಡು," ಎಂದರು ಹೆಂಗಸಿನ ದನಿ ಮಾಡಿ. "ನಮ್ಮಲ್ಲಿ ಅವಳಿ ಹುಟ್ಟಿದಾವೆ. ಟವೆಲು ಹದಿನೈದು."

"ಟ..." ಚಿಕ್ಕಮ್ಮ ಪಾತ್ರೆ ಒರೆಸುತ್ತ ನಿಂತಳು. "ಟ..."

ಮದುವೆಯಾದಂದಿನಿಂದ ಇಂಥ ಕಡೆಗಳಲ್ಲಿ ಪದ ಮುಗಿಸಿಕೊಟ್ಟವರು ಚಿಕ್ಕಪ್ಪ. ಅಂದೂ ಅವರ ಬಾಯಿ ತೆರೆಯಿತು. ಚಿಕ್ಕಮ್ಮ ಒರೆಸುತ್ತಿದ್ದ ಬಟ್ಟೆಯನ್ನು ಅವರತ್ತ ಎಸೆದಳು.

"ನಾನೇನೂ ಅನ್ನಲಿಲ್ಲ!"

"ಅನ್ನೋಕೆ ಹೊರಟಿದ್ರಿ."

"ಸರಿಯಮ್ಮ, ನಾಲಿಗೆಗೆ ಬೀಗ." ಅವರು ಒಂದು ಸ್ಕ್ರೂ ತೆಗೆದು ಎರಡು ತುಟಿಗಳ ನಡುವೆ ಕಚ್ಚಿ ಹಿಡಿದು ಕೂತರು.

ಆ ಮುಚ್ಚಿದ ತುಟಿಗಳನ್ನು ನೋಡಿ ಚಿಕ್ಕಮ್ಮನಿಗೆ ಅದು ಹೊಳೆಯಿತು. ಪ ಎಂದರೆ ಮತ್ತೇನು? ತುಟಿ ಮುಚ್ಚುವುದು, ತೆರೆಯುವುದು. ಸದ್ದು ಕೇಳಿಸಲೇಬೇಕೆಂದು ಯಾರು ಹೇಳಿದರು? ಅವಳು ಮನಸ್ಸಿನಲ್ಲಿ ಪ-ಮಾತನ್ನೇ ಆಡುತ್ತ, ಪ ಬರುವ ಕಡೆಯೆಲ್ಲ ತುಟಿಗಳನ್ನು ಸದ್ದಿಲ್ಲದೆ ಒಮ್ಮೆ ಮುಟ್ಟಿಸಿ ಬಿಟ್ಟಳು.

"ಟ. ವೆ. ಲು," ಎಂದಳು. "ಹ. ದಿ. ನೈ. ದು."

ಚಿಕ್ಕಪ್ಪನ ಬಾಯಿಂದ ಸ್ಕ್ರೂ ಬಿತ್ತು. ಅದನ್ನು ಹುಡುಕಲು ಇಬ್ಬರೂ ಅರ್ಧ ಗಂಟೆ ಮಂಚದ ಕೆಳಗೆ ತೆವಳಿದರು. ತೆವಳುತ್ತಲೇ ಅವರು ಕಂಬಳಿ ಕೇಳಿದರು, ಅವಳು ಕಂಬಳಿ ಕೊಟ್ಟಳು.

ಸೋಮವಾರ ಮೇಡಂ ಹೇಳಿದ ಹೊತ್ತಿಗೆ ಬಂದು ಮೇಜಿನ ಪಕ್ಕ ಕೈಕಟ್ಟಿ ನಿಂತರು. ಕುಳ್ಳಿ ರೋಲರು ನಿಲ್ಲಿಸಿದಳು. ಮೊದಲ ಕರೆ ಮಕ್ಕಳ ವಾರ್ಡಿನದು. ಸಿಸ್ಟರಿಗೂ ವಿಷಯ ತಲುಪಿತ್ತು, ಅವಳು ಮಾಮೂಲಿ ಮಾತಿನಲ್ಲೇ, ತುಸು ನಿಧಾನವಾಗಿ ಹೇಳಿದಳು. ಚಿಕ್ಕಮ್ಮ ತುಟಿ ಮುಟ್ಟಿಸುತ್ತ, ಬಿಡಿಸುತ್ತ ಮರಳಿ ಹೇಳಿದಳು. ಕಂಬಳಿ ಬಂತು. ಹಾಸು ಬಂತು. ಎರಡನೆಯ ಕರೆ, ಮೂರನೆಯ ಕರೆ.

ಶಸ್ತ್ರಚಿಕಿತ್ಸೆಯ ವಾರ್ಡಿನವರು ಟವೆಲು ಕೇಳಿದಾಗ ಅವಳಿಗೆ ನಿಜವಾಗಿಯೂ ಸಿಕ್ಕಿಕೊಂಡಿತು. ತಾಳ ತಪ್ಪಿತ್ತು. ಬಾಗಿಲಲ್ಲಿ ಸ್ಟೋರಿನಣ್ಣ ಎರಡೂ ಕೈಗಳಿಂದ ತನ್ನ ಬಾಯಿ ಮುಚ್ಚಿಕೊಂಡ. ಆ ಕಡೆಯವರೂ ಸುಮ್ಮನಿದ್ದರು. ಮೇಡಂ ಕಿಟಕಿಯ ಕಡೆ ತಿರುಗಿದರು. ಕೋಣೆಯಲ್ಲಿ ಯಾರೂ ಅವಳ ಪದವನ್ನು ಮುಗಿಸಿಕೊಡಲಿಲ್ಲ. ಚಿಕ್ಕಮ್ಮ ಉಸಿರು ಬಿಟ್ಟು, ತುಟಿಗಳನ್ನು ಎರಡು ಸಲ ಬರಿದೇ ಮುಟ್ಟಿಸಿ ತಾಳ ಹಿಡಿದು, ಮೊದಲಿಂದ ಹೊರಟಳು. ಟವೆಲು ಬಂತು. ಹಿಂದೆಯೇ ಇಪ್ಪತ್ತು ಎಂಬುದೂ, ಇನ್ನೇನೂ ಆಗಲಾರದಷ್ಟು ಸ್ಪಷ್ಟವಾಗಿ, ಬಂತು.

ಕರೆಗಳು ಮುಗಿದ ಮೇಲೆ ಮೇಡಂ ಗಡಿಯಾರ ನೋಡಿದರು.

"ಮೊದಲಿಗಿಂತ ಹೊತ್ತು ಹಿಡಿಯತ್ತೆ."

"ಹಿಡಿಯತ್ತೆ ಮೇಡಂ."

"ತಪ್ಪು ಒಂದೂ ಇಲ್ಲ. ನಿಧಾನ ಹೇಳಿದ್ರೆ ಆ ಕಡೆಯವರೂ ಗಮನ ಇಟ್ಟು ಕೇಳ್ತಾರೆ ಅಂತ ಕಾಣತ್ತೆ." ಅವರು ಖಾಲಿ ಕುರ್ಚಿಯನ್ನು ಎಳೆದು ಚಿಕ್ಕಮ್ಮನ ಕಡೆ ತಿರುಗಿಸಿದರು. "ಕೂತ್ಕೊಳ್ಳಿ. ಇನ್ನು ಇದು ನಿಮ್ಮದು."

ಚಿಕ್ಕಮ್ಮ ಕೂತಳು. ಕುಳ್ಳಿ ಯಾರಿಗೂ ಹೇಳದೆ ರೋಲರು ಚಾಲೂ ಮಾಡಿಬಿಟ್ಟಳು, ಸಂತೋಷಕ್ಕೆ ಅವಳಿಗೆ ಇನ್ನೇನು ಮಾಡಬೇಕೆಂದು ತೋಚಲಿಲ್ಲ. ಮೇಡಂ ಬಾಗಿಲವರೆಗೆ ಹೋಗಿ ನಿಂತರು.

"ಒಂದು ಮಾತು ಕೇಳ್ಬೇಕಿತ್ತು. ಇಡೀ ಆಸ್ಪತ್ರೆ ಬಾಯಲ್ಲಿ ಇದೇ ಆಗಿದೆ. ಮೆಟ್ಟಿಲು ಹತ್ತಿದ್ರೆ ಇದು, ಲಿಫ್ಟಲ್ಲಿ ಇದು. ಕೆಲಸದ ಹೊತ್ತಲ್ಲಿ ನೀವು ಪಾಠ ಏನಾದ್ರೂ ಮಾಡಿದೀರಾ? ನಿಜ ಹೇಳಿ. ಒಟ್ಟು ಎಪೆಷ್ಟುಪು ಜಪನಪಕ್ಕೆಪೆ?"

ತಾವು ಹೇಗೆ ಕೇಳಿದೆವೆಂಬುದು ಮೇಡಂಗೆ ತಿಳಿದಂತೆ ಕಾಣಲಿಲ್ಲ. ಅವರಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಕುಳ್ಳಿಯ ಹಣೆ, ಕಣ್ಣು ಎರಡೂ ಯಂತ್ರದ ಹಿಂದೆ ಮುಳುಗಿದವು. ಸ್ಟೋರಿನಣ್ಣ ಗೋಡೆಯ ಕಡೆ ತಿರುಗಿ ನಿಂತ, ಅವನ ಭುಜ ಅಲುಗುತ್ತಿತ್ತು.

ಚಿಕ್ಕಮ್ಮ ನಗಲಿಲ್ಲ. ಕೇಳಿದ್ದು ಅಧಿಕಾರಿ, ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡಬೇಕು. ರೋಲರಿನ ಸುತ್ತ ನಿಂತಿದ್ದವರನ್ನು ಅವಳು ಒಬ್ಬೊಬ್ಬರಾಗಿ ಕಣ್ಣಲ್ಲೇ ಎಣಿಸಿದಳು. ಒಂದು ಚಹಾ ಬಿಡುವಿನಲ್ಲಿ ತಾನು ಕಲಿಸಿದ್ದು ಅವರಿಗೆ ಮಾತ್ರ, ಉಳಿದ ಇನ್ನೊಂದು ನರಪಿಳ್ಳೆಗೂ ಅಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತು, ಮಾಮೂಲಿ ಮಾತಿನಲ್ಲಿ, ಎಲ್ಲೂ 'ಪ' ಸೇರಿಸದೆ ಹೇಳಿದಳು:

"ಐದು."